ತಿಪ್ಪೆಗೆ ಇಟ್ಟ ದೀಪ

ಹೋದ ತಿಂಗಳು ಮಗಳ ಲಗ್ನಪತ್ರಿಕೆ ಕೊಡಲೆಂದು ಕುಮಾರಸ್ವಾಮಿ ಲೇಔಟಿಗೆ ಹೋಗಿದ್ದೆ. ಆಟೋದವನು ಒಳಗಿನ ಕ್ರಾಸಿಗೆಲ್ಲ ಬರುವುದಿಲ್ಲವೆಂದು ಮುಖ್ಯರಸ್ತೆಯಲ್ಲೇ ಇಳಿಸಿ ಹೋದ. ಗೊಣಗುತ್ತ ಒಂದಷ್ಟು ದೂರ ನಡೆದು ತಿರುವು ದಾಟುತ್ತಿದ್ದಂತೆ ಆ ವಾಸನೆ ಬಂತು. ಕೊಳೆತ ಚೆಂಡುಹೂವು, ಪ್ಲಾಸ್ಟಿಕ್ ಕವರಿನೊಳಗೆ ಬೆಂದುಹೋದ ತುಳಸಿ, ಅದರ ಮೇಲೆ ಕರ್ಪೂರ. ದೇವಸ್ಥಾನವೂ ಕಸವೂ ಒಂದೇ ಮನೆಯಲ್ಲಿ ಬಾಡಿಗೆಗಿದ್ದರೆ ಹೇಗೋ ಹಾಗೆ. ಬೆಂಗಳೂರಿನ ಎಷ್ಟೋ ಮೂಲೆಗಳಲ್ಲಿ ಈ ವಾಸನೆ ಇರಬಹುದು. ಆದರೆ ಈ ಮೂಲೆ ಹೇಗೆ ಹೀಗಾಯಿತು ಎಂಬುದನ್ನು ನಾನು ಕಣ್ಣಾರೆ ಕಂಡವಳು. ಅದಕ್ಕೇ ಇಲ್ಲಿ ಮೂಗು ಮುಚ್ಚಿಕೊಳ್ಳುವ ಮೊದಲು ನನಗೆ ಸಿಟ್ಟು ಬರುತ್ತದೆ.

ಶ್ರೀನಗರದ ನಮ್ಮ ಹಳೆಯ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದ ವರ್ಷ ಅದು. ಕೊರೋನಾ ಕಾಟ ಮುಗಿದು ಜನ ಮಾಸ್ಕು ಮರೆತಿದ್ದರು. ಮನೆ ಏಳುವವರೆಗೆ ಇರಲೆಂದು ನಾನು, ನನ್ನ ಯಜಮಾನರು, ಮಗಳು ಮೂವರೂ ಪುಟ್ಟಮ್ಮನವರ ಮನೆಯ ಮೊದಲ ಮಹಡಿಗೆ ಬಾಡಿಗೆಗೆ ಬಂದೆವು. ಪುಟ್ಟಮ್ಮ ಇಲ್ಲಿ ಊರು ಇದ್ದ ಕಾಲದವರು. ಲೇಔಟ್ ಆಗುವ ಮೊದಲು ಈ ಕ್ರಾಸುಗಳೆಲ್ಲ ರಾಗಿ ಹೊಲ, ಅದರಲ್ಲಿ ಅವರ ಗಂಡನ ಮನೆಯವರದೂ ಒಂದಿಷ್ಟು. ಹೊಲ ಹೋಗಿ ಸೈಟು ಬಂತು, ಸೈಟಿನ ಮೇಲೆ ಮೂರಂತಸ್ತಿನ ಕಟ್ಟಡ ಬಂತು, ಗಂಡ ತೀರಿಕೊಂಡರು, ಮಗ ಮಂಜುನಾಥ ಬಾಡಿಗೆ ವಸೂಲಿಯನ್ನೇ ಉದ್ಯೋಗ ಮಾಡಿಕೊಂಡ. ಪುಟ್ಟಮ್ಮ ಮಾತ್ರ ಕೋಳಿಯೇ ಇಲ್ಲದ ಬೀದಿಯಲ್ಲಿ ಕೋಳಿ ಕೂಗುವ ಹೊತ್ತಿಗೆ ಎದ್ದು ಬಾಗಿಲಿಗೆ ನೀರು ಹಾಕುತ್ತಿದ್ದರು.

ಮನೆಯ ಎದುರು, ಎರಡು ರಸ್ತೆಗಳು ಓರೆಯಾಗಿ ಕೂಡುವ ಕಡೆ, ಮೂರು ಮೂಲೆಯ ಒಂದು ತುಂಡು ಜಾಗ ಉಳಿದಿತ್ತು. ಸೈಟು ಮಾಡಲು ಬಾರದ ಆಕಾರ. ಅದು ಪಾಲಿಕೆಯದು ಎಂದು ಎಲ್ಲರೂ ಹೇಳುತ್ತಿದ್ದರು, ಅಂದರೆ ಯಾರದೂ ಅಲ್ಲ. ಹಿಂದೆ ಯಾರದೋ ಮನೆಯ ಉದ್ದನೆಯ ಕಾಂಪೌಂಡ್ ಗೋಡೆ. ಸುತ್ತಲಿನ ಕ್ರಾಸುಗಳ ಕಸವೆಲ್ಲ ಅಲ್ಲಿಗೆ ಬಂದು ಬೀಳುತ್ತಿತ್ತು. ಬೆಳಿಗ್ಗೆ ಕಸದ ಆಟೋ ಹಾಡು ಹಾಕಿಕೊಂಡು ಮನೆಬಾಗಿಲಿಗೇ ಬರುವುದಿಲ್ಲವೇ ಎಂದರೆ, ಬರುತ್ತಿತ್ತು. ಆದರೆ ಅದು ಹಸಿ ಕಸ ಬೇರೆ, ಒಣ ಕಸ ಬೇರೆ ಕೊಡಿ ಎಂದು ಕೇಳುತ್ತದಲ್ಲ, ಅದು ನಮ್ಮ ಜನಕ್ಕೆ ಅವಮಾನ. ಎರಡು ಡಬ್ಬ ಇಡುವ ಬದಲು ಎಲ್ಲವನ್ನೂ ಒಂದೇ ಕವರಿಗೆ ತುರುಕಿ, ಸ್ಕೂಟರಿನ ಕಾಲ ಬಳಿ ಇಟ್ಟುಕೊಂಡು ಆಫೀಸಿಗೆ ಹೊರಡುವುದು, ಮೂಲೆ ಬಂದಾಗ ಗಾಡಿ ನಿಲ್ಲಿಸದೆ ಕೈ ಬೀಸಿ ಒಗೆಯುವುದು. ಹಣೆಯ ಮೇಲೆ ವಿಭೂತಿ, ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು, ಎಡಗೈಯಲ್ಲಿ ಕಸ. ಅಷ್ಟು ವೇಗದಲ್ಲೂ ಗುರಿ ತಪ್ಪಿದವರನ್ನು ನಾನು ನೋಡಿಲ್ಲ.

ನಾವು ಹೋದ ಮೊದಲ ತಿಂಗಳೇ ದೀಪಾವಳಿ ಬಂತು. ಸಂಜೆ ಬಾಲ್ಕನಿಯಲ್ಲಿ ಹಣತೆ ಇಡುತ್ತಿದ್ದಾಗ ಪುಟ್ಟಮ್ಮ ಸೆರಗು ಮರೆಮಾಡಿಕೊಂಡು ಒಂದು ದೀಪ ಹಿಡಿದು ರಸ್ತೆ ದಾಟುವುದು ಕಂಡಿತು. ನೇರವಾಗಿ ಆ ಕಸದ ರಾಶಿಯ ಹತ್ತಿರ ಹೋದರು. ಕಾಲಿನಿಂದ ನಾಲ್ಕು ಕವರು ಸರಿಸಿ, ಒಂದು ಅಂಗೈಯಗಲ ನೆಲ ಮಾಡಿ, ಅಲ್ಲಿ ದೀಪ ಇಟ್ಟು ಕೈಮುಗಿದರು. ಪಟಾಕಿ ಹೊಡೆಯುತ್ತಿದ್ದವರು ನಕ್ಕರು. ನನಗೂ ವಿಚಿತ್ರವೆನಿಸಿ ಕೆಳಗಿಳಿದು ಹೋಗಿ ಏನಮ್ಮ ಇದು ಎಂದು ಕೇಳಿದೆ.

"ಇದು ನಮ್ ತಿಪ್ಪೆ ಕಣವ್ವಾ" ಅಂದರು. "ನಾನು ಮದ್ವೆಯಾಗಿ ಬಂದಾಗ್ಲಿಂದ ಇಲ್ಲೇ ದೀಪ ಇಟ್ಕೊಂಡ್ ಬಂದಿರೋದು. ಈಗ ಯಾರ್ಯಾರೋ ಕಸ ಹಾಕವ್ರೆ ಅಂತ ಬಿಟ್ಬುಡಕ್ಕಾಯ್ತದಾ?"

ನಮ್ಮ ಊರಿನ ಕಡೆಯೂ ದೀಪಾವಳಿಯಲ್ಲಿ ಹೊಲಕ್ಕೆ, ಕೊಟ್ಟಿಗೆಗೆ, ತಿಪ್ಪೆಗೆ ದೀಪ ಇಡುತ್ತಿದ್ದರೆಂದು ನನ್ನ ಅಜ್ಜಿ ಹೇಳಿದ್ದು ಆಗ ನೆನಪಾಯಿತು. ಹೊಲಕ್ಕೆ ಅನ್ನ ಹಾಕುವವಳು ತಿಪ್ಪೆ, ಅವಳಿಗೊಂದು ದೀಪ. ಪುಟ್ಟಮ್ಮನ ಹೊಲ ಹೋಗಿ, ಎತ್ತು ಹೋಗಿ, ತಿಪ್ಪೆಗುಂಡಿಯೂ ಮುಚ್ಚಿಹೋಗಿ ಎಷ್ಟೋ ಕಾಲವಾಗಿತ್ತು. ದೀಪ ಮಾತ್ರ ನಿಂತಿರಲಿಲ್ಲ. ನಾನು ಸುಲಭಕ್ಕೆ ಕಣ್ಣೀರು ಹಾಕುವವಳಲ್ಲ, ಜಗಳಕ್ಕಾದರೆ ಬೇಗ ಎದ್ದು ನಿಲ್ಲುತ್ತೇನೆ. ಮಾರನೆಯ ಬೆಳಿಗ್ಗೆ ಅದನ್ನೇ ಮಾಡಿದೆ.

ಒಬ್ಬ ಸ್ಕೂಟರಿನವನನ್ನು ಅಡ್ಡಹಾಕಿ ನಿಲ್ಲಿಸಿ ಕವರು ವಾಪಸು ತೆಗೆದುಕೊಂಡು ಹೋಗು ಎಂದೆ. ಅವನು ನನ್ನ ಮೇಲೆ ಸಿಟ್ಟೂ ಮಾಡಿಕೊಳ್ಳಲಿಲ್ಲ. "ಎಲ್ರೂ ಹಾಕ್ತಾರೆ ಆಂಟಿ, ನನ್ನೊಬ್ನನ್ನೇ ಯಾಕೆ ಕೇಳ್ತೀರ?" ಎಂದು ನಿಜವಾಗಿಯೂ ಅರ್ಥವಾಗದವನಂತೆ ಕೇಳಿ, ಕವರನ್ನು ಅಲ್ಲೇ ಬಿಟ್ಟು ಹೊರಟುಹೋದ. ಒಂದು ವಾರ ಹೀಗೇ ಬೀದಿಯಲ್ಲಿ ನಿಂತು ಕೂಗಾಡಿ, ಜಯನಗರದ ಕಾಲೇಜು ಕಚೇರಿಯ ನನ್ನ ಕೆಲಸಕ್ಕೆ ತಡವಾಗಿ ಹೋಗಿ ಬೈಸಿಕೊಂಡೆ. ಇದು ಆಗುವ ಮಾತಲ್ಲ ಎಂದು ಪುಟ್ಟಮ್ಮನ ಹತ್ತಿರ ಹೇಳಿಕೊಂಡಾಗ ಅವರು, ಬೈದರೆ ಕಸ ಕರಗುತ್ತದಾ, ಅದನ್ನು ಗೊಬ್ಬರ ಮಾಡಬೇಕು, ಆ ಜಾಗ ಮೊದಲಿನಂತೆ ತಿಪ್ಪೆಯಾಗಲಿ ಎಂದರು. ಹಾಗೆ ಶುರುವಾದದ್ದು.

ವಾರ್ಡ್ ಆಫೀಸಿಗೆ ಹೋಗಿ ಎಂಜಿನಿಯರನ್ನು ಕಂಡೆ. ಎಲೆಗೊಬ್ಬರ ಮಾಡುತ್ತೇವೆ, ಆ ಮೂಲೆಯನ್ನು ಬಳಸಲು ಅನುಮತಿ ಕೊಡಿ ಎಂದೆ. ಒಳ್ಳೆಯ ಕೆಲಸ, ಮಾಡಿ ಮೇಡಂ ಎಂದ. ಬರೆದು ಕೊಡಿ ಎಂದಾಗ, ಇಂಥದ್ದಕ್ಕೆಲ್ಲ ಪೇಪರ್ ಯಾಕೆ, ನಾವೇ ಇದೀವಲ್ಲ ಎಂದು ತಿಪ್ಪೆ ಸಾರಿಸಿದ. ಬಡಾವಣೆಯ ಸಂಘದ ಅಧ್ಯಕ್ಷ ರುದ್ರಪ್ಪನವರು ಎಲೆ ತುಂಬಲು ಜಾಲರಿಯ ಎರಡು ದೊಡ್ಡ ಪಂಜರಗಳನ್ನು ತಾವೇ ಮಾಡಿಸಿಕೊಟ್ಟರು. ದಾವಣಗೆರೆ ಕಡೆಯಿಂದ ಬಂದು ಟೈಲ್ಸ್ ಅಂಗಡಿ ಇಟ್ಟು ಬೆಳೆದವರು. ಬೀದಿಯ ಯಾವ ಕೆಲಸಕ್ಕೂ ಇಲ್ಲ ಎನ್ನುತ್ತಿರಲಿಲ್ಲ. ಆ ಮನುಷ್ಯ ಕೆಟ್ಟವರಾಗಿದ್ದರೆ ನನಗೆ ಈ ಕಥೆ ಹೇಳುವುದು ಸುಲಭವಾಗುತ್ತಿತ್ತು.

ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ತಿರವಾದಂತೆ ಹೊಂಗೆ ಮರಗಳು ಎಲೆ ಉದುರಿಸತೊಡಗಿದವು. ಬೀದಿ ಗುಡಿಸುವ ಗಂಗಮ್ಮ ಅದುವರೆಗೆ ಆ ಎಲೆಗಳನ್ನು ರಾಶಿ ಮಾಡಿ ಬೆಂಕಿ ಹಚ್ಚುತ್ತಿದ್ದಳು. ಹಚ್ಚಬಾರದೆಂದು ಮೇಲಿನವರು ಹೇಳುತ್ತಾರೆ, ತೆಗೆದುಕೊಂಡು ಹೋಗಲು ಗಾಡಿ ಕಳಿಸುವುದಿಲ್ಲ, ಅವಳಾದರೂ ಏನು ಮಾಡಬೇಕು. ಈಗ ಚೀಲಗಟ್ಟಲೆ ತಂದು ಪಂಜರಕ್ಕೆ ಸುರಿದಳು. ನಮ್ಮ ಕ್ರಾಸಿನ ಕೆಲವು ಮನೆಯವರು ತರಕಾರಿ ಸಿಪ್ಪೆ ತಂದು ಕೊಟ್ಟರು. ಒಂದು ಪದರ ಎಲೆ, ಒಂದು ಪದರ ಸಿಪ್ಪೆ, ಮೇಲೆ ಸಗಣಿ ಬಗ್ಗಡ. ಹಿಂದಿನ ರಸ್ತೆಯಲ್ಲಿ ಇನ್ನೂ ಹಸು ಕಟ್ಟಿಕೊಂಡಿದ್ದ ಒಂದು ಮನೆಯಿತ್ತು. ಪುಟ್ಟಮ್ಮ ಅಲ್ಲಿಂದ ಬಕೆಟಿನಲ್ಲಿ ಸಗಣಿ ತರುತ್ತಿದ್ದರು. ಕಟ್ಟಡದ ಒಡತಿ ಸಗಣಿ ಹೊತ್ತುಕೊಂಡು ಬರುವುದು ಮಂಜುನಾಥನಿಗೆ ಮರ್ಯಾದೆಯ ಪ್ರಶ್ನೆಯಾಗಿತ್ತು. ಅಮ್ಮನಿಗೆ ವಯಸ್ಸಾಯಿತು, ನೀವಾದರೂ ಹೇಳಿ ಅಕ್ಕ ಎಂದು ನನ್ನ ಬಳಿ ಬಂದ. ನಿಮ್ಮಮ್ಮ ಇಷ್ಟು ಖುಷಿಯಾಗಿದ್ದದ್ದು ನೀನು ಯಾವಾಗ ನೋಡಿದೆ ಎಂದು ಕೇಳಿ ಕಳಿಸಿದೆ.

ನಿಜಕ್ಕೂ ಅವರು ಖುಷಿಯಾಗಿದ್ದರು. ಸೊಂಟ ನೋವು, ಮಂಡಿ ನೋವು ಎನ್ನುತ್ತಿದ್ದವರು ವಾರಕ್ಕೊಮ್ಮೆ ಸಲಿಕೆ ಹಿಡಿದು ರಾಶಿಯನ್ನು ತಿರುವಿ ಹಾಕುತ್ತಿದ್ದರು. ಒಳಗೆ ಕೈ ಹಾಕಿ ನೋಡು ಎಂದು ನನ್ನನ್ನು ಕರೆದು, ಬಿಸಿ ತಗುಲಿ ನಾನು ಕೈ ಹಿಂದಕ್ಕೆಳೆದುಕೊಂಡಾಗ ನಗುತ್ತಿದ್ದರು. ಜ್ವರ ಬಂದಿದೆ, ಇನ್ನು ಮಾಗುತ್ತದೆ ಎನ್ನುತ್ತಿದ್ದರು. ಬಾಣಂತಿ ಮನೆಯಲ್ಲಿ ಓಡಾಡುವ ಹಾಗೆ ದಿನಕ್ಕೆ ಹತ್ತು ಸಲ ರಸ್ತೆ ದಾಟಿ ಹೋಗಿ ನೋಡಿಕೊಂಡು ಬರುತ್ತಿದ್ದರು.

ಆದರೆ ಕವರುಗಳು ನಿಲ್ಲಲಿಲ್ಲ. ಪಂಜರದ ಪಕ್ಕ ಬೀಳುತ್ತಿದ್ದವು, ಮೇಲೆ ಬೀಳುತ್ತಿದ್ದವು, ಒಮ್ಮೊಮ್ಮೆ ಒಳಗೂ ಬೀಳುತ್ತಿದ್ದವು. ಮಕ್ಕಳ ಡೈಪರು, ಒಡೆದ ಬಲ್ಬು, ಕೋಳಿ ಅಂಗಡಿಯ ಪುಕ್ಕ. ಪುಟ್ಟಮ್ಮ ಕೋಲಿನಿಂದ ಒಂದೊಂದನ್ನೇ ಎತ್ತಿ ಬದಿಗಿಟ್ಟು ಗಂಗಮ್ಮನ ತಳ್ಳುಗಾಡಿಗೆ ಕೊಡುತ್ತಿದ್ದರು. ಯುಗಾದಿ ಕಳೆದ ಮೇಲೆ ಸಂಘದ ಸಭೆಯಲ್ಲಿ ನಾನು ಇದನ್ನೇ ಎತ್ತಿದೆ. ಕ್ಯಾಮರಾ ಹಾಕಿಸಿ, ದಂಡ ಹಾಕಿಸಿ ಎಂದೆ. ಸಭೆ ತಣ್ಣಗಾಯಿತು. ಕ್ಯಾಮರಾ ಹಾಕಿದರೆ ಅದರಲ್ಲಿ ಸಿಕ್ಕಿಬೀಳುವವರು ಅರ್ಧದಷ್ಟು ಆ ಸಭೆಯಲ್ಲೇ ಇದ್ದರು. ಆಗ ರುದ್ರಪ್ಪನವರು ಮೃದುವಾಗಿ ಒಂದು ಉಪಾಯ ಹೇಳಿದರು. ಆ ಗೋಡೆಗೆ ಉದ್ದಕ್ಕೂ ದೇವರ ಟೈಲ್ಸ್ ಹಾಕಿಸೋಣ, ಖರ್ಚು ನನ್ನದು ಎಂದರು.

"ಮೇಡಂ, ನಮ್ ಜನ ಪೊಲೀಸ್‌ಗೆ ಹೆದ್ರಲ್ಲ, ದಂಡಕ್ಕೂ ಹೆದ್ರಲ್ಲ. ದೇವ್ರಿಗೆ ಮಾತ್ರ ಸ್ವಲ್ಪ ಹೆದರ್ತಾರೆ. ಅಷ್ಟನ್ನಾದ್ರೂ ಉಪಯೋಗಿಸ್ಕೊಳ್ಳೋಣ."

ಎಲ್ಲರೂ ತಲೆದೂಗಿದರು. ಮೂತ್ರ ಮಾಡುವ ಗೋಡೆಗೆ, ಎಲೆಅಡಿಕೆ ಉಗಿಯುವ ಮೆಟ್ಟಿಲಿಗೆ ಎಲ್ಲ ಕಡೆ ಇದೇ ಮದ್ದು ನಡೆಯುತ್ತದಲ್ಲ. ಹೊಸ ಮಾತೇನೂ ಅಲ್ಲ. ಮೇ ತಿಂಗಳ ಬಿಸಿಲಿನಲ್ಲಿ ಗೋಡೆಗೆ ಟೈಲ್ಸ್ ಬಂದವು. ಗಣಪತಿ, ಲಕ್ಷ್ಮಿ, ಶಿವ, ಆಂಜನೇಯ, ಸಾಲಾಗಿ, ರಸ್ತೆ ಕಡೆ ಮುಖಮಾಡಿ. ಪುಟ್ಟಮ್ಮ ಟೈಲ್ಸ್ ಅಂಟಿಸುವುದನ್ನು ನೋಡುತ್ತ ನಿಂತಿದ್ದು, ದೇವರನ್ನು ಕಸಕ್ಕೆ ಕಾವಲು ಕೂರಿಸಿದರಲ್ಲ ಎಂದು ನಕ್ಕರು. ಬೇಸರದ ನಗು ಅಲ್ಲ ಅದು. ಕಾವಲು ಬೇಕಾಗಿತ್ತು, ಯಾರಾದರೇನು ಎಂಬಂತಿತ್ತು.

ಕೆಲಸ ಮಾಡಿತು. ಅದೇ ಸೋಜಿಗ. ಮಾರನೆಯ ದಿನದಿಂದಲೇ ಸ್ಕೂಟರುಗಳು ಆ ಮೂಲೆಯಲ್ಲಿ ಒಂದು ಕ್ಷಣ ನಿಧಾನವಾಗಿ, ಕೈ ಎದೆಗೆ ಮುಟ್ಟಿಸಿಕೊಂಡು, ಕವರನ್ನು ಮುಂದಕ್ಕೆ ಒಯ್ಯತೊಡಗಿದವು. ಮುಂದೆ ಎಂದರೆ ಎಲ್ಲಿ ಎಂದು ನಾವು ಯಾರೂ ಕೇಳಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದಾಗ ಮೂಲೆ ತೊಳೆದಿಟ್ಟ ಹಾಗಿತ್ತು. ಆ ವಾರವೇ ಪುಟ್ಟಮ್ಮ ಮೊದಲ ಪಂಜರದ ಬುಡವನ್ನು ಬಿಚ್ಚಿದರು. ಒಳಗಿಂದ ಕಪ್ಪಗೆ, ಪುಡಿಪುಡಿಯಾಗಿ, ಒಂದು ಎಲೆಯ ಗುರುತೂ ಇಲ್ಲದೆ ಮಣ್ಣು ಜಾರಿ ಬಂತು. ಒಂದು ಹಿಡಿ ಎತ್ತಿ ಮೂಸಿದರು. ಆಮೇಲೆ ನನ್ನ ಮೂಗಿಗೆ ಹಿಡಿದರು.

"ಇದು ನಮ್ ಹೊಲದ್ ಮಣ್ಣು ಕಣವ್ವಾ. ಕಾಂಕ್ರೀಟ್ ಕೆಳಕ್ಕೆ ಹೋಗಿದ್ದು ತಿರ್ಗಾ ಮೇಲಕ್ ಬಂದದೆ."

ಹೊಲದ ಮಣ್ಣಲ್ಲ, ಹೊಂಗೆ ಎಲೆ ಮತ್ತು ನಮ್ಮ ಮನೆಯ ಬದನೆಕಾಯಿ ತೊಟ್ಟು ಎಂದು ನನಗೆ ಗೊತ್ತಿತ್ತು. ಹಾಗೆ ಹೇಳಲು ಮನಸ್ಸಾಗಲಿಲ್ಲ. ಹೊಲ ಹೋದ ಮೇಲೆ ಅವರ ಮುಖದಲ್ಲಿ ಅಷ್ಟು ವರ್ಷ ಏನು ಇರಲಿಲ್ಲವೋ ಅದು ಆ ದಿನ ಇತ್ತು. ಮುಂದಿನ ಬೇಸಿಗೆಗೆ ಆ ಮೂಲೆಯಲ್ಲೇ ಒಂದು ಸಾಲು ರಾಗಿ ಚೆಲ್ಲುತ್ತೇನೆ, ತೆನೆ ಬರಲಿ ಬಿಡಲಿ, ಹಸಿರು ಕಂಡರೆ ಸಾಕು ಎಂದರು. ರಾಗಿಯನ್ನು ಬೇಸಿಗೆಯಲ್ಲಿ ಯಾರಾದರೂ ಬಿತ್ತುತ್ತಾರಾ ಎಂದು ಮರುಗಳಿಗೆಗೆ ತಮ್ಮನ್ನೇ ಬೈದುಕೊಂಡು, ಮುಂದಿನ ಮುಂಗಾರಿಗೆ ಎಂದು ತಿದ್ದಿಕೊಂಡರು.

ಆಷಾಢ ಮುಗಿದು ಶ್ರಾವಣ ಬಂತು. ಒಂದು ಶುಕ್ರವಾರ ಲಕ್ಷ್ಮಿಯ ಟೈಲ್ಸ್ ಮೇಲೆ ಯಾರೋ ಕುಂಕುಮ ಹಚ್ಚಿ ಹೂವು ಸಿಕ್ಕಿಸಿದ್ದರು. ಮುಂದಿನ ಶುಕ್ರವಾರ ಕೆಳಗೆ ನಿಂಬೆಹಣ್ಣಿನ ದೀಪ. ವರಮಹಾಲಕ್ಷ್ಮಿ ಹಬ್ಬದ ಮಾರನೆಯ ದಿನ ಬಾಳೆಕಂದು, ಮಾವಿನ ಸೊಪ್ಪು, ಕವರುಗಟ್ಟಲೆ ಹೂವು ಅಲ್ಲಿ ಬಂದು ಕೂತವು. ಸೊಪ್ಪು, ಹೂವು ಗೊಬ್ಬರಕ್ಕಾಗುತ್ತದೆಂದು ಪುಟ್ಟಮ್ಮ ಸಂತೋಷದಿಂದಲೇ ಕವರು ಬಿಚ್ಚಿ ಸುರಿದುಕೊಂಡರು. ಅದರ ಹಿಂದೆಯೇ ಗಾಜು ಒಡೆದ ದೇವರ ಫೋಟೋ ಬಂತು. ನಮ್ಮಲ್ಲಿ ಅಂಥದ್ದನ್ನು ಕಸಕ್ಕೆ ಹಾಕುವುದಿಲ್ಲ, ಅರಳಿಕಟ್ಟೆಗೆ ಇಟ್ಟು ಬರುತ್ತೇವೆ. ಈ ಸುತ್ತಿನಲ್ಲಿ ಇದ್ದ ಅರಳಿಮರವನ್ನು ರಸ್ತೆ ಅಗಲ ಮಾಡುವಾಗಲೇ ಕಡಿದಿದ್ದರು. ಜನ ಇಷ್ಟು ದಿನ ಮನೆಯಲ್ಲೇ ಇಟ್ಟುಕೊಂಡು ಒದ್ದಾಡುತ್ತಿದ್ದರೆಂದು ಕಾಣುತ್ತದೆ, ಒಂದು ಫೋಟೋ ಕಂಡದ್ದೇ ತಡ, ಎಲ್ಲರ ಅಟ್ಟದಿಂದಲೂ ದೇವರುಗಳು ಇಳಿದು ಬಂದವು. ಗಾಜು, ಮೊಳೆ, ಚೌಕಟ್ಟು ಸಮೇತ. ಗಣೇಶನ ಹಬ್ಬವಾದ ಮೇಲೆ ಬಕೆಟಿನಲ್ಲಿ ಅರ್ಧ ಕರಗಿದ ಬಣ್ಣದ ಗಣಪತಿಗಳು ಬಂದವು. ಆಮೇಲೆ ಹಳೇ ಕ್ಯಾಲೆಂಡರು. ಆಮೇಲೆ ಲಗ್ನಪತ್ರಿಕೆಗಳು. ಮೇಲೆ ಗಣಪತಿ ಇರುತ್ತಾನಲ್ಲ, ಬುಟ್ಟಿಗೆ ಹಾಕುವುದು ಹೇಗೆ?

ಅದೇ ಜನ, ಅದೇ ಸ್ಕೂಟರು, ಅದೇ ಪ್ಲಾಸ್ಟಿಕ್ ಕವರು. ಈಗ ಒಗೆಯುತ್ತಿರಲಿಲ್ಲ, ಇಳಿದು, ಚಪ್ಪಲಿ ಬಿಟ್ಟು, ಭಕ್ತಿಯಿಂದ ಇಟ್ಟು ಹೋಗುತ್ತಿದ್ದರು. ಮೊದಲಿನ ಕಸವನ್ನಾದರೂ ಗಂಗಮ್ಮ ಎತ್ತುತ್ತಿದ್ದಳು. ಇದನ್ನು ಎತ್ತು ಎಂದು ನಾನು ಹೇಳಿದಾಗ ಎರಡು ಹೆಜ್ಜೆ ಹಿಂದೆ ಸರಿದಳು.

"ದೇವ್ರ ಫೋಟೋನ ನಾನ್ ಕಸದ್ ಗಾಡಿಗೆ ಹಾಕೋದನ್ನ ಯಾರಾದ್ರೂ ಮೊಬೈಲಲ್ಲಿ ಹಿಡಿದ್ರೆ ಏನ್ ಮಾಡ್ಲಕ್ಕಾ? ಆಮೇಲೆ ನನ್ ಕೆಲ್ಸ ನೀವ್ ಉಳಿಸ್ತೀರಾ?"

ಉಳಿಸುತ್ತೇನೆ ಎಂದು ಹೇಳಲು ನನ್ನ ಹತ್ತಿರ ಏನಿತ್ತು? ಮಳೆ ಬಂತು, ಹೂವಿನ ಕವರುಗಳು ಒಳಗೊಳಗೇ ಕೊಳೆತವು, ನೊಣ ಎದ್ದವು. ಆಗ ಬೀದಿಯವರಿಗೆ ಮೂಗು ಬಂತು. ವಾಸನೆ ಎಲ್ಲಿಂದ ಬರುತ್ತಿದೆ ಎಂದು ಒಬ್ಬರಿಗೊಬ್ಬರು ಕೇಳಿಕೊಂಡರು. ದೇವರ ಹೂವಿನಿಂದ ವಾಸನೆ ಬರುತ್ತದೆ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಪಕ್ಕದಲ್ಲೇ ಎರಡು ಪಂಜರ ಇತ್ತಲ್ಲ, ಎಲ್ಲ ಬೆರಳೂ ಆ ಕಡೆ ತಿರುಗಿದವು.

ಮಹಾಲಯ ಅಮಾವಾಸ್ಯೆ ಕಳೆದು ನವರಾತ್ರಿ ಶುರುವಾದಾಗ ರುದ್ರಪ್ಪನವರು ನಾಲ್ಕೈದು ಜನರೊಂದಿಗೆ ಪುಟ್ಟಮ್ಮನ ಜಗಲಿಗೆ ಬಂದರು. ಕಾಫಿ ಕುಡಿದು, ಆರೋಗ್ಯ ವಿಚಾರಿಸಿ, ಆಮೇಲೆ ವಿಷಯಕ್ಕೆ ಬಂದರು. ಅಲ್ಲೊಂದು ಚಿಕ್ಕ ಗುಡಿ ಕಟ್ಟುವುದೆಂದು ಎಲ್ಲರೂ ಮನಸ್ಸು ಮಾಡಿದ್ದಾರೆ, ದೇವರ ಪಕ್ಕದಲ್ಲಿ ತಿಪ್ಪೆ ಇರುವುದು ಚೆನ್ನಾಗಿರುವುದಿಲ್ಲ, ಜನ ಬೇಜಾರು ಮಾಡಿಕೊಳ್ಳುತ್ತಿದ್ದಾರೆ ಎಂದರು. ಪುಟ್ಟಮ್ಮ ಕಾಫಿ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟರು.

"ತಿಪ್ಪೆ ಮೊದ್ಲಿತ್ತು ಕಣಪ್ಪ" ಎಂದರು ಕೊನೆಗೆ. "ದೇವ್ರು ಆಮೇಲ್ ಬಂದಿದ್ದು. ಅದೂ ಕಾವಲಿಗೆ ಅಂತ ನೀವೇ ಕರ್ಕೊಂಡ್ ಬಂದಿದ್ದು."

ರುದ್ರಪ್ಪನವರು ತಲೆ ತಗ್ಗಿಸಿದರು. ಆದರೆ ಎದ್ದು ಹೋಗುವಾಗ ತೀರ್ಮಾನ ಬದಲಾಗಿರಲಿಲ್ಲ. ನಾನು ವಾರ್ಡ್ ಆಫೀಸಿಗೆ ಓಡಿದೆ. ಎಂಜಿನಿಯರ್ ಅದೇ ಕುರ್ಚಿಯಲ್ಲಿದ್ದ. ನಿಮ್ಮ ಪಂಜರಕ್ಕೆ ಪರ್ಮಿಷನ್ ಎಲ್ಲಿದೆ ಮೇಡಂ ಎಂದು ಕೇಳಿದ. ಗುಡಿಗೆ ಎಲ್ಲಿದೆ ಎಂದೆ. ಅವನು ಸುತ್ತ ನೋಡಿ ದನಿ ತಗ್ಗಿಸಿ, ಅದನ್ನು ನಾನು ಕೇಳಕ್ಕಾಗುತ್ತಾ, ನೀವಾದರೆ ಅರ್ಥ ಮಾಡ್ಕೊಳ್ತೀರ ಎಂದ. ಅರ್ಥ ಮಾಡಿಕೊಳ್ಳುವವರ ತಲೆಯ ಮೇಲೆಯೇ ಈ ಊರು ನಡೆಯುವುದು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ಇನ್ನೂ ಬಂದೇ ಇರಲಿಲ್ಲ, ಆಗಲೇ ಜಾಗ ಹೋಗಿತ್ತು.

ಆಯುಧಪೂಜೆಯ ಹಾರ ಇನ್ನೂ ಬಾಡಿರಲಿಲ್ಲ, ಜೆಸಿಬಿ ಬಂತು. ಹಲ್ಲಿಗೆ ಅರಿಶಿನ ಕುಂಕುಮ, ಕಿವಿಗೆ ಬಾಳೆಕಂದು ಕಟ್ಟಿಕೊಂಡು ಮದುವಣಿಗನ ಹಾಗೆ ನಿಂತಿತ್ತು. ಟೈಲ್ಸ್ ಕೆಳಗಿನ ಫೋಟೋ, ಗಣಪತಿ, ಪತ್ರಿಕೆಗಳನ್ನು ಜನ ಕೈಯಾರೆ ಎತ್ತಿ ಜೋಪಾನವಾಗಿ ಒಂದು ಬದಿಗೆ ಜೋಡಿಸಿದರು. ಆಮೇಲೆ ಯಂತ್ರ ಪಂಜರಗಳನ್ನು ಒಂದೇ ಸಲಕ್ಕೆ ಮಡಚಿತು. ಎರಡನೇ ಪಂಜರದ್ದು ಪೂರ್ತಿ ಮಾಗಿದ ಗೊಬ್ಬರ, ಒಂದು ಟ್ರ್ಯಾಕ್ಟರಿಗಾಗುವಷ್ಟು. ಅದನ್ನು ಇಟ್ಟಿಗೆ ಚೂರು, ಕಲ್ಲುಪುಡಿಯೊಂದಿಗೆ ಟ್ರ್ಯಾಕ್ಟರಿಗೆ ತುಂಬತೊಡಗಿದರು. ಎಲ್ಲಿಗೆ ಎಂದು ಕೇಳಿದೆ. ಊರಾಚೆ ಕಸ ಸುರಿಯುವ ಕ್ವಾರಿಗೆ ಎಂದ ಡ್ರೈವರ್. ಆ ಮೂಲೆಯಿಂದ ಅಷ್ಟು ಚುರುಕಾಗಿ, ಅಷ್ಟು ಜನ ಸೇರಿ ಸಾಗಿಸಿದ್ದು ಆ ವರ್ಷದಲ್ಲಿ ಅದೊಂದನ್ನೇ.

ಪುಟ್ಟಮ್ಮ ಡ್ರೈವರಿನ ಹತ್ತಿರ ಹೋಗಿ, ನಮ್ಮ ಗೇಟಿನ ಪಕ್ಕ ಸುರಿದು ಹೋಗಪ್ಪ, ನಾನು ಒಳಗೆ ಸಾಗಿಸಿಕೊಳ್ಳುತ್ತೇನೆ ಎಂದರು. ಅವನು ಒಪ್ಪಿದ್ದ. ಟ್ರ್ಯಾಕ್ಟರ್ ಹಿಂದಕ್ಕೆ ತಿರುಗಿಸಲೂ ಹೊರಟಿದ್ದ. ಮಂಜುನಾಥ ಅಡ್ಡ ಬಂದು ನಿಂತ.

"ಅಮ್ಮಾ, ಗೇಟ್ ಮುಂದೆ ತಿಪ್ಪೆ ಹಾಕ್ಕೊಂಡ್ರೆ ಬಾಡಿಗೆಗೆ ಯಾರ್ ಬರ್ತಾರೆ?"

ಪುಟ್ಟಮ್ಮ ಮಗನ ಮುಖವನ್ನೇ ನೋಡಿದರು. ಬೈಯುತ್ತಾರೆಂದುಕೊಂಡೆ. ಅವರು ಗೇಟಿನ ಒಳಕ್ಕೆ ಸರಿದು ನಿಂತರು. ಟ್ರ್ಯಾಕ್ಟರ್ ಹೊರಟಿತು. ಹಳ್ಳ ಬಂದಾಗೆಲ್ಲ ಹಿಂದಿನಿಂದ ಒಂದಿಷ್ಟು ಕಪ್ಪು ಮಣ್ಣು ಡಾಂಬರಿನ ಮೇಲೆ ಉದುರುತ್ತಿತ್ತು. ಮಾರನೆಯ ಬೆಳಿಗ್ಗೆ ಗಂಗಮ್ಮ ಅದನ್ನೂ ಗುಡಿಸಿದಳು. ನನಗೆ ಆ ದಿನ ಯಾರ ಮೇಲೆ ಹೆಚ್ಚು ಸಿಟ್ಟು ಬಂದಿತ್ತು ಎಂದು ಈಗಲೂ ಹೇಳಲಾರೆ. ಮಂಜುನಾಥನ ಮೇಲೆ ಎನ್ನೋಣವೆಂದರೆ ಅವನು ಹೇಳಿದ್ದು ಸುಳ್ಳಲ್ಲ. ಗೇಟಿನ ಮುಂದೆ ಗೊಬ್ಬರ ಕಂಡಿದ್ದರೆ ನಾನೇ ಆ ಮನೆಗೆ ಬಾಡಿಗೆಗೆ ಬರುತ್ತಿದ್ದೆನೋ ಇಲ್ಲವೋ.

ದೀಪಾವಳಿಯ ಹೊತ್ತಿಗೆ ಅಲ್ಲಿ ಕಾಂಕ್ರೀಟ್ ಕಟ್ಟೆ ಎದ್ದು, ತಗಡಿನ ಮಾಡಾಗಿ, ಸೀರಿಯಲ್ ಲೈಟು ಉರಿಯುತ್ತಿತ್ತು. ನಮ್ಮ ಶ್ರೀನಗರದ ಮನೆ ಮುಗಿದಿತ್ತು, ಹಬ್ಬ ಕಳೆದು ಹೊರಡುವವರಿದ್ದೆವು. ಸಂಜೆ ನಾನು ಬಾಲ್ಕನಿಯಲ್ಲಿ ಕಾಯುತ್ತಿದ್ದೆ. ಪುಟ್ಟಮ್ಮ ಸೆರಗು ಮರೆಮಾಡಿಕೊಂಡು ದೀಪ ಹಿಡಿದು ರಸ್ತೆಗಿಳಿದರು. ನಾನೂ ಹಿಂದೆ ಹೋದೆ. ಗುಡಿಯ ಮುಂದೆ ನಿಂತಿದ್ದ ರುದ್ರಪ್ಪನವರು ಅಮ್ಮಾವ್ರು ಬಂದರು, ದಾರಿ ಬಿಡಿ ಎಂದು ಸಂತೋಷದಿಂದ ಕರೆದರು. ಹಳೆಯದೆಲ್ಲ ಮರೆತು ದೇವರಿಗೆ ದೀಪ ತಂದಿದ್ದಾರೆ ಎಂದುಕೊಂಡಿರಬೇಕು. ಪುಟ್ಟಮ್ಮ ಕಟ್ಟೆಯ ಸುತ್ತ ನಡೆದರು. ಕಾಲಿಡುವಷ್ಟೂ ಮಣ್ಣು ಉಳಿದಿರಲಿಲ್ಲ. ಗುಡಿಯ ಹಿಂಬದಿ, ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಸ್ಕೂಟರಿನವರ ಹೊಸ ರಾಶಿ ಬೆಳೆದಿತ್ತು. ಅದರ ಮುಂದೆಯೂ ಒಂದು ಗಳಿಗೆ ನಿಂತರು. ಇಡಿ ಅಮ್ಮ ಎಂದೆ. ಹೋದ ವರ್ಷ ಕಸದ ಮೇಲೆಯೇ ಇಟ್ಟಿದ್ದಿರಲ್ಲ ಎಂದೆ.

"ಹೋದ್ ವರ್ಷ ಕೆಳ್ಗೆ ನೆಲ ಇತ್ತು. ಎಂದಾದ್ರೂ ಒಂದಿನ ತಿಪ್ಪೆ ಆಯ್ತದೆ ಅಂತಿದ್ದೆ. ಈಗ ಇದು ಬರೀ ಕಸ ಕಣವ್ವಾ. ಕಸಕ್ ಯಾರಾದ್ರೂ ದೀಪ ಇಡ್ತಾರಾ?"

ದೀಪವನ್ನು ಹಾಗೇ ವಾಪಸು ತಂದರು. ಮನೆಯ ಹೊಸ್ತಿಲಲ್ಲಿ ಸಾಲು ದೀಪಗಳ ಕೊನೆಯಲ್ಲಿ ಇಟ್ಟು ಒಳಗೆ ಹೋಗಿ ಮಲಗಿದರು. ಆ ದೀಪ ಯಾವುದೆಂದು ನನಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ.

ಹೋದ ತಿಂಗಳು ಅವರ ಮನೆಗೆ ಹೋದಾಗ ಗುಡಿಗೆ ಗೋಪುರ ಬಂದಿತ್ತು. ಟ್ರಾನ್ಸ್‌ಫಾರ್ಮರಿನ ಸುತ್ತ ಬೇಲಿ ಹಾಕಿದ್ದಾರೆ, ಆದ್ದರಿಂದ ಕವರುಗಳು ರಸ್ತೆ ದಾಟಿ ಈ ಕಡೆ ಬಂದಿದ್ದವಂತೆ. ನೇರವಾಗಿ ಪುಟ್ಟಮ್ಮನ ಗೋಡೆಯ ಬುಡಕ್ಕೆ. ಪುಟ್ಟಮ್ಮ ಕೆಳಗಿನ ಕೋಣೆಯಲ್ಲಿ ಕಿಟಕಿ ಹಾಕಿಕೊಂಡು ಮಂಚದ ಮೇಲೆ ಕೂತಿದ್ದರು. ತುಂಬಾ ಇಳಿದುಹೋಗಿದ್ದಾರೆ. ವಾಸನೆ ಕಣವ್ವಾ, ಅದಕ್ಕೇ ತೆಗೆಯುವುದಿಲ್ಲ ಎಂದರು. ಪತ್ರಿಕೆಯ ಮೇಲೆ ದೇವರ ಚಿತ್ರ ಬೇಡವೆಂದು ನಾನು ಪ್ರಿಂಟಿಂಗ್ ಪ್ರೆಸ್ಸಿನಲ್ಲೂ ಬೀಗರ ಮನೆಯಲ್ಲೂ ಜಗಳವಾಡಿ ಸೋತಿದ್ದೆ. ಬಂಗಾರದ ಬಣ್ಣದಲ್ಲಿ ಗಣಪತಿ ಎದ್ದು ಕಾಣುತ್ತಿದ್ದ. ಪುಟ್ಟಮ್ಮ ಪತ್ರಿಕೆಯನ್ನು ಕಣ್ಣಿಗೊತ್ತಿಕೊಂಡು, ಟೀವಿಯ ಮೇಲೆ ಒರಗಿಸಿ ಇಟ್ಟರು. ಮದುವೆಗೆ ಬರಲು ಕಾಲು ಬರುವುದಿಲ್ಲ, ಮಗಳು ಸುಖವಾಗಿರಲಿ ಎಂದರು.

ಮಂಜುನಾಥ ಗೇಟಿನವರೆಗೆ ಕಳಿಸಲು ಬಂದ. ಕವರು ಹಾಕುವವರ ಕಾಟ ತಡೆಯಲಾರದೆ ಒಂದು ಕೆಲಸ ಮಾಡಿದ್ದೇನೆ ನೋಡಿ ಎಂದು ಕಾಂಪೌಂಡ್ ಗೋಡೆಯ ಹೊರಬದಿ ತೋರಿಸಿದ. ಅಲ್ಲಿ ಹೊಸದಾಗಿ ಒಂದು ದೇವರ ಟೈಲ್ಸ್ ಅಂಟಿಸಿತ್ತು, ಸಿಮೆಂಟು ಇನ್ನೂ ಹಸಿ ಬಣ್ಣದಲ್ಲಿತ್ತು.

"ಮೊನ್ನೆ ಹಾಕಿಸ್ದೆ ಅಕ್ಕ. ಅವತ್ತಿಂದ ಒಬ್ರೂ ಕಸ ಹಾಕಿಲ್ಲ. ಸಖತ್ತಾಗಿ ವರ್ಕ್ ಆಗ್ತಿದೆ."

ನಿಜ, ಕೆಳಗೆ ಒಂದು ಕವರೂ ಇರಲಿಲ್ಲ. ಟೈಲ್ಸಿನ ಅಂಚಿಗೆ ಯಾರೋ ಆಗಲೇ ಒಂದು ಸೇವಂತಿಗೆ ಸಿಕ್ಕಿಸಿದ್ದರು. ಅದರ ಕೆಳಗೆ, ಗೋಡೆಗೆ ಒರಗಿಸಿ, ಎರಡು ಲಗ್ನಪತ್ರಿಕೆ ಇಟ್ಟಿದ್ದರು. ನಾನು ಬಗ್ಗಿ ಹೆಸರು ನೋಡಿದೆ. ನನ್ನದಲ್ಲ. ನನ್ನದು ಇನ್ನೂ ಒಳಗೆ ಟೀವಿಯ ಮೇಲಿತ್ತು.